ಅಟ್ಲಾಂಟಾದ ಮನೆಯಂಗಳದಲ್ಲಿ ಅಕ್ಟೋಬರ್‌ನಿಂದ ಹೂ ಬಿಡುವ ಕ್ಯಾಮೆಲಿಯಾ ಬೆಳೆಸುವುದು ಹೇಗೆ?

ನಿಮಗೆ ಬೇಕಾದದ್ದು ಸಸಾಂಕ್ವಾ ಜಾತಿ. ಮೂಲ ದಕ್ಷಿಣ ಜಪಾನ್. ನಮ್ಮ ಚಹಾ ಗಿಡದ ಹತ್ತಿರದ ನೆಂಟ. ಬಿಳಿ ಹೂವಿಗೆ 'ಸೆತ್ಸುಗೆಕ್ಕಾ', ಕೆಂಪಿಗೆ 'ಯೂಲ್‌ಟೈಡ್' ತಳಿ ಕೇಳಿ; 'ಯೂಲ್‌ಟೈಡ್' ಮಾತ್ರ ತಡವಾಗಿ, ಕ್ರಿಸ್‌ಮಸ್ ಹೊತ್ತಿಗೆ ಹೂ ತುಂಬುತ್ತದೆ.

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇರುವ ಜಾಗ ಒಳ್ಳೆಯದು. ಮಣ್ಣು ಹುಳಿ ಇರಬೇಕು, ಪಿಎಚ್ 5.5ರಿಂದ 6.5. ಸಿಮೆಂಟ್ ಗೋಡೆಗೆ ಒತ್ತಿ ನೆಟ್ಟರೆ ಸುಣ್ಣದಂಶ ಮಣ್ಣಿಗಿಳಿದು, ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಅದು ಕಬ್ಬಿಣದ ಕೊರತೆ.

ಹೆಚ್ಚಿನ ಗಿಡಗಳು ಸಾಯುವುದು ಆಳವಾಗಿ ನೆಟ್ಟಿದ್ದರಿಂದ. ಅಲ್ಲಿನ ಕೆಂಪು ಜೇಡಿಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಗುಳಿಯ ಅಗಲ ಬೇರಿನ ಉಂಡೆಯ ಎರಡು ಪಟ್ಟಿರಲಿ, ಆಳ ಮಾತ್ರ ಉಂಡೆಗಿಂತ ಕಡಿಮೆ: ಉಂಡೆಯ ತಲೆ ನೆಲಕ್ಕಿಂತ 1–2 ಇಂಚು ಮೇಲೆ ಕಾಣಬೇಕು. ಸುತ್ತ 2–3 ಇಂಚು ಪೈನ್ ಎಲೆ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ.

ಮೊದಲ ವರ್ಷ ಮಳೆಯಿಲ್ಲದ ವಾರದಲ್ಲಿ ಒಂದೆರಡು ಸಲ ಆಳಕ್ಕಿಳಿಯುವಂತೆ ನೀರು ಕೊಡಿ. ಬೇಸಿಗೆಯ ಕೊನೆಯಲ್ಲಿ ಒಮ್ಮೆ ಒಣಗಿಸಿ ಒಮ್ಮೆ ತೊಯ್ಯಿಸಿದರೆ ಮೊಗ್ಗು ಉದುರುತ್ತದೆ. ಹುಳಿಮಣ್ಣಿನ ಗಿಡಗಳ ಗೊಬ್ಬರವನ್ನು ವಸಂತದಲ್ಲಿ ಸ್ವಲ್ಪ ಹಾಕಿದರೆ ಸಾಕು. ಜುಲೈ ನಂತರ ಬೇಡ, ಎಳೆ ಚಿಗುರು ಹಿಮಕ್ಕೆ ಸುಡುತ್ತದೆ.

ಕೊಂಬೆ ಸವರುವುದು ಹೂ ಮುಗಿದ ಮೇಲೆ, ಹೊಸ ಚಿಗುರು ಬರುವ ಮುನ್ನ. ಮೊಗ್ಗು ಕಟ್ಟುವುದು ಬೇಸಿಗೆಯಲ್ಲಿ. ಆಗಸ್ಟ್‌ನಲ್ಲಿ ಕತ್ತರಿ ಆಡಿಸಿದರೆ ಆ ವರ್ಷದ ಹೂ ಹೋಯಿತೆಂದೇ ಲೆಕ್ಕ. ಎಲೆ ಮೇಲೆ ಹಳದಿ ಚುಕ್ಕೆ ಕಂಡರೆ ಮಗುಚಿ ನೋಡಿ: ಕೆಳಗೆ ಬಿಳಿ ಹತ್ತಿಯಂಥದ್ದಿದ್ದರೆ ರಸ ಹೀರುವ ಶಲ್ಕಕೀಟ (ಸ್ಕೇಲ್). ಗಿಡಗಳಿಗೆ ಸಿಂಪಡಿಸುವ ತೋಟಗಾರಿಕೆ ಎಣ್ಣೆಯನ್ನು (ಹಾರ್ಟಿಕಲ್ಚರಲ್ ಆಯಿಲ್) ಎಲೆಯ ಅಡಿಭಾಗಕ್ಕೇ ಸಿಂಪಡಿಸಬೇಕು.