ಸಂತೆ ಲೆಕ್ಕ: ಪುಕ್ಕಟೆ ಸಿಗುವ ಸಲಹೆಗೆ ದುಡ್ಡು ಯಾಕೆ ಕೊಡ್ತೀರಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತರ. ಯಾರೋ ಒಬ್ಬರು ಬರುತ್ತಾರೆ, "ಸಾಲ ಮಾಡಿಸಿಕೊಡ್ತೀನಿ, ಸಬ್ಸಿಡಿ ಕೊಡಿಸ್ತೀನಿ, ಇಷ್ಟು ಖರ್ಚಾಗುತ್ತೆ" ಅನ್ನುತ್ತಾರೆ. ಕೊಡಬಹುದಾ? ಬೇಡ. ಆ ಕೆಲಸ ಮಾಡಿಕೊಡಲು ಬೇರೆಯವರಿದ್ದಾರೆ, ಅವರಿಗೆ ಸಂಬಳ ಅಥವಾ ಶುಲ್ಕ ಬೇರೆ ಕಡೆಯಿಂದ ಬರುತ್ತದೆ. ಒಂದೊಂದೇ ಪತ್ರ ನೋಡೋಣ.

ಮೈಸೂರಿನಲ್ಲಿ ಫುಟ್‌ಪಾತ್ ಮೇಲೆ ಸೊಪ್ಪು, ತರಕಾರಿ ಮಾರುತ್ತೇನೆ. ದಿನಾ ಬೆಳಿಗ್ಗೆ ಒಬ್ಬರ ಹತ್ತಿರ 4,500 ತಗೊಂಡು ರಾತ್ರಿ 5,000 ಕೊಡುತ್ತೇನೆ. ಸರ್ಕಾರದ ಬೀದಿ ವ್ಯಾಪಾರಿ ಸಾಲ ಮಾಡಿಸಿಕೊಡಲು ಒಬ್ಬರು 2,000 ಕೇಳುತ್ತಿದ್ದಾರೆ. ಕೊಡಲಾ?

ಮೊದಲು ನಿಮ್ಮದೇ ಲೆಕ್ಕ ನೋಡಿ ಅಕ್ಕ. ದಿನಕ್ಕೆ 500 ಬಡ್ಡಿ. ಮೂವತ್ತು ದಿನಕ್ಕೆ 15,000. ಅಸಲು ಎಷ್ಟು? ಅದೇ 4,500. ಅದು ಒಂದು ರೂಪಾಯಿಯೂ ಕಡಿಮೆ ಆಗಿಲ್ಲ, ನಾಳೆ ಬೆಳಿಗ್ಗೆ ಮತ್ತೆ ಅಲ್ಲೇ ಹೋಗಿ ನಿಲ್ಲಬೇಕು. ಇದಕ್ಕೇ ಮೀಟರ್ ಬಡ್ಡಿ ಅನ್ನುವುದು.

ನೀವು ಹೇಳುತ್ತಿರುವ ಸಾಲ ಪಿಎಂ ಸ್ವನಿಧಿ. 2020ರ ಜೂನ್‌ನಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ ಶುರುವಾದದ್ದು. ಆಗ ಮೊದಲ ಸಾಲ 10,000 ಇತ್ತು. 2025ರಲ್ಲಿ ಅದನ್ನು 15,000 ಮಾಡಿದರು. ಸರಿಯಾಗಿ ತೀರಿಸಿದರೆ ಎರಡನೇ ಸಲ 25,000, ಮೂರನೇ ಸಲ 50,000. ಅಂದರೆ ನೀವು ಒಂದು ತಿಂಗಳಿಗೆ ಕಟ್ಟುತ್ತಿರುವ ಬಡ್ಡಿಯಷ್ಟೇ ಇದೆ ಸರ್ಕಾರದ ಮೊದಲ ಸಾಲ! ಒಂದು ವರ್ಷದಲ್ಲಿ ಕಂತು ಕಂತಾಗಿ ತೀರಿಸಬೇಕು. ಬಡ್ಡಿ ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ಬೇರೆ, ಆದರೂ ಕಂತು ತಿಂಗಳಿಗೆ 1,350ರ ಆಸುಪಾಸು ಬೀಳುತ್ತದೆ. ತಪ್ಪದೆ ಕಟ್ಟಿದರೆ ವರ್ಷಕ್ಕೆ ಶೇ 7ರ ದರದಲ್ಲಿ ಬಡ್ಡಿ ಸಹಾಯಧನ ನಿಮ್ಮ ಖಾತೆಗೇ ವಾಪಸ್ ಬರುತ್ತದೆ. ಅಡಮಾನ ಬೇಡ.

ಅರ್ಜಿಗೆ 2,000 ಅಲ್ಲ, ಇಪ್ಪತ್ತು ರೂಪಾಯಿಯನ್ನೂ ದಲ್ಲಾಳಿಗೆ ಕೊಡಬೇಡಿ. ಪಾಲಿಕೆ ಕಚೇರಿಯಲ್ಲಿ ಬೀದಿ ವ್ಯಾಪಾರಿಗಳ ವಿಭಾಗ ಎಲ್ಲಿದೆ ಅಂತ ಕೇಳಿ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್, ವ್ಯಾಪಾರಿ ಗುರುತಿನ ಚೀಟಿ ಸಾಕು. ಗುರುತಿನ ಚೀಟಿ ಇಲ್ಲದಿದ್ದರೆ ಶಿಫಾರಸು ಪತ್ರ ಕೊಡಿ ಅಂತ ಅಲ್ಲೇ ಅರ್ಜಿ ಹಾಕಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಸಾಲಿನಲ್ಲಿ ಯಾರು ಆ ಸಮಿತಿಯಲ್ಲಿದ್ದಾರೆ ಅಂತ ಪತ್ತೆ ಮಾಡಿ, ಅವರನ್ನು ಕರೆದುಕೊಂಡು ಹೋಗಿ. ಒಬ್ಬರೇ ಹೋದಾಗ "ನಾಳೆ ಬನ್ನಿ" ಅನ್ನುವವರು ಜೊತೆಗೆ ಇನ್ನೊಬ್ಬರಿದ್ದರೆ ಸಾಮಾನ್ಯವಾಗಿ ಕೂರಿ ಅನ್ನುತ್ತಾರೆ.

ಸಾಲ ಬಂದ ದಿನವೇ ಎಡವುವವರು ಜಾಸ್ತಿ. 15,000 ಕೈಗೆ ಬಂತು ಅಂತ ಚೀಟಿಗೆ, ಮದುವೆ ಮುಯ್ಯಿಗೆ ಹಾಕಿದರೆ ಮುಗಿಯಿತು. 5,000 ಸರಕಿಗೆ ತೆಗೆದಿಡಿ, ಉಳಿದದ್ದು ಬ್ಯಾಂಕಿನಲ್ಲೇ ಇರಲಿ, ಮಳೆ ಬಂದು ವ್ಯಾಪಾರ ಕೆಟ್ಟ ದಿನ ಮೀಟರ್ ಬಡ್ಡಿಯವರ ಹತ್ತಿರ ಹೋಗದೆ ಇರುವುದಕ್ಕೇ ಆ ದುಡ್ಡು. ಜೊತೆಗೆ ಒಂದು ನೋಟ್‌ಬುಕ್ ಇಡಿ. ತಂದದ್ದು, ಮಾರಿದ್ದು, ಬಿಸಾಕಿದ್ದು, ಇಷ್ಟೇ ಬರೆಯಿರಿ. ಮೂರನೆಯದನ್ನು ಯಾರೂ ಬರೆಯುವುದಿಲ್ಲ, ಸೊಪ್ಪಿನ ವ್ಯಾಪಾರದಲ್ಲಿ ಲಾಭ ಸೋರಿ ಹೋಗುವುದು ಅಲ್ಲೇ.

ಕೋಲಾರ ಕಡೆ ಒಂದೂವರೆ ಎಕರೆಯಲ್ಲಿ ಟೊಮೆಟೊ. ಮಂಡಿಯಲ್ಲಿ ನೂರಕ್ಕೆ ಹತ್ತು ಕಮಿಷನ್ ಹಿಡಿದು ಬಿಳಿ ಚೀಟಿ ಕೊಡುತ್ತಾರೆ. ಇದು ಸರಿಯಾ? ಯಾರನ್ನು ಕೇಳಬೇಕು?

ಸರಿಯಲ್ಲ. ಎಪಿಎಂಸಿ ನಿಯಮದ ಪ್ರಕಾರ ಕಮಿಷನ್ ಕೊಡಬೇಕಾದವರು ಕೊಳ್ಳುವವರು, ರೈತರಲ್ಲ. ಹದಿನೈದು ಕೆಜಿ ಬಾಕ್ಸ್ 300ಕ್ಕೆ ಹೋಯಿತು ಅಂದುಕೊಳ್ಳಿ, ನೂರು ಬಾಕ್ಸ್‌ಗೆ 30,000, ಅದರಲ್ಲಿ 3,000 ನಿಮ್ಮದಲ್ಲದ ಲೆಕ್ಕಕ್ಕೆ ಹೋಗುತ್ತಿದೆ. ತೂಕದಲ್ಲಿ ತೆಗೆಯುವುದು ಬೇರೆ. ಬಿಳಿ ಚೀಟಿ ಅಲ್ಲ, ಅಧಿಕೃತ ಬಿಲ್ ಕೇಳುವ ಹಕ್ಕು ನಿಮಗಿದೆ. ಕೊಡದಿದ್ದರೆ ಎಪಿಎಂಸಿ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ, ಮಂಡಿಯವರ ಲೈಸೆನ್ಸ್ ಇರುವುದು ಅವರ ಕೈಯಲ್ಲೇ.

ಆದರೆ ನೇರವಾಗಿ ಒಂದು ಮಾತು ಕೇಳುತ್ತೇನೆ. ಬೀಜ, ಗೊಬ್ಬರ, ಕೋಲು, ದಾರಕ್ಕೆ ಅಂತ ಅದೇ ಮಂಡಿಯವರಿಂದ ಮುಂಗಡ ತಗೊಂಡಿದ್ದೀರಾ? ಪತ್ರದಲ್ಲಿ ಬರೆದಿಲ್ಲ, ಆದರೆ ಹೆಚ್ಚಿನವರು ತಗೊಂಡಿರುತ್ತಾರೆ. ಮುಂಗಡ ಇದ್ದರೆ ದೂರು ಕೊಡುವ ಧೈರ್ಯ ಬರುವುದಿಲ್ಲ, ಬೇರೆ ಮಂಡಿಗೆ ಸರಕು ಹಾಕುವ ಸ್ವಾತಂತ್ರ್ಯವೂ ಇರುವುದಿಲ್ಲ. ಕಟ್ಟಿಹಾಕಿರುವುದು ಆ ಮುಂಗಡ, ಕಮಿಷನ್ ಅದರ ಬಾಡಿಗೆ. ಹಾಗಾಗಿ ಮೊದಲ ಕೆಲಸ ಮುಂಗಡ ಬಿಡಿಸಿಕೊಳ್ಳುವುದು. ನಿಮ್ಮೂರಿನ ಪ್ರಾಥಮಿಕ ಸಹಕಾರ ಸಂಘದಲ್ಲಿ ಬೆಳೆ ಸಾಲ ಕೇಳಿ. ರಾಜ್ಯದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದಾರೆ. ಒಂದೂವರೆ ಎಕರೆಗೆ ಅಷ್ಟೆಲ್ಲ ಸಿಗುವುದಿಲ್ಲ, ಬೆಳೆ ಮತ್ತು ಜಮೀನು ನೋಡಿ ಕೊಡುತ್ತಾರೆ. ಆದರೂ ಮಂಡಿ ಮುಂಗಡದ ಒಂದು ಭಾಗ ತೀರಿದರೂ ಮಾತಾಡುವ ದನಿ ಬೇರೆಯಾಗುತ್ತದೆ.

ದರ ಗೊತ್ತಿಲ್ಲದೆ ಗಾಡಿ ಹತ್ತಿಸಬೇಡಿ. ರಾಜ್ಯದ ಮಾರುಕಟ್ಟೆಗಳ ದಿನದ ದರ ಕೃಷಿ ಮಾರಾಟ ವಾಹಿನಿ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಮನೆಯ ಹುಡುಗರಿಗೆ ಹೇಳಿದರೆ ಫೋನಿನಲ್ಲಿ ತೆಗೆದುಕೊಡುತ್ತಾರೆ. ಬೆಳೆಗೆ ರೋಗ ಬಂದಾಗ ಔಷಧಿ ಅಂಗಡಿಯವರನ್ನು ಕೇಳುವ ಮೊದಲು ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು. ಅಂಗಡಿಯವರ ಸಲಹೆ ಪುಕ್ಕಟೆ ಅನ್ನಿಸುತ್ತದೆ, ಬಿಲ್ ನೋಡಿದಾಗ ಗೊತ್ತಾಗುತ್ತದೆ.

ಶಿರಸಿ ಹತ್ತಿರದವಳು. ಹಲಸಿನ ಹಪ್ಪಳ ಮಾಡಿ ಪರಿಚಯದವರಿಗೆ ಮಾರುತ್ತೇನೆ. ಯಂತ್ರ ಹಾಕಿ ದೊಡ್ಡದಾಗಿ ಮಾಡುವ ಆಸೆ. ಪ್ರಾಜೆಕ್ಟ್ ರಿಪೋರ್ಟ್‌ಗೆ 25,000 ಆಗುತ್ತೆ ಅನ್ನುತ್ತಾರೆ.

ಕಿರು ಆಹಾರ ಉದ್ಯಮಗಳಿಗೆ ಅಂತಲೇ ಪಿಎಂಎಫ್‌ಎಂಇ ಅನ್ನುವ ಯೋಜನೆ 2020ರಲ್ಲಿ ಬಂತು. ಅದರಲ್ಲಿ ಪ್ರತಿ ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿದ್ದಾರೆ. ರಿಪೋರ್ಟ್ ಬರೆಯುವುದು, ಬ್ಯಾಂಕಿಗೆ ಅಲೆಯುವುದು, ಆಹಾರ ಪರವಾನಗಿ ಮಾಡಿಸುವುದು, ಎಲ್ಲ ಅವರ ಕೆಲಸ. ಅವರಿಗೆ ಶುಲ್ಕ ಯೋಜನೆಯಿಂದಲೇ ಸಿಗುತ್ತದೆ, ನೀವು ಕೊಡುವ ಹಾಗಿಲ್ಲ. ಸಬ್ಸಿಡಿ ಕೇಂದ್ರದ್ದು ಶೇ 35, 10 ಲಕ್ಷದವರೆಗೆ. ಕರ್ನಾಟಕ ಇನ್ನೂ ಶೇ 15 ಸೇರಿಸಿ ಒಟ್ಟು ಶೇ 50, 15 ಲಕ್ಷದವರೆಗೆ ಮಾಡಿತು. ನೋಡಿಕೊಳ್ಳುವುದು ಕೆಪೆಕ್ ಅನ್ನುವ ರಾಜ್ಯ ಸರ್ಕಾರದ ನಿಗಮ. ಇಂಥ ಯೋಜನೆಗಳಿಗೆ ಅವಧಿ ಇರುತ್ತದೆ, ಈಗ ಹೊಸ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಜಿಲ್ಲಾ ಕೃಷಿ ಕಚೇರಿಯಲ್ಲಿ ಮೊದಲು ಕೇಳಿ. ಸಣ್ಣ ಉದ್ಯಮಗಳು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಯೂ ಸಂಪೂರ್ಣ ಉಚಿತ. ಸರ್ಕಾರದ್ದೇ ಅನ್ನಿಸುವ ಹಾಗೆ ವೆಬ್‌ಸೈಟ್ ಮಾಡಿಕೊಂಡು ಅದಕ್ಕೂ ದುಡ್ಡು ಕೀಳುವವರಿದ್ದಾರೆ, ಹುಷಾರು.

ಇನ್ನು ನನ್ನ ಅಭಿಪ್ರಾಯ, ನಿಮಗೆ ಹಿಡಿಸಲಿಕ್ಕಿಲ್ಲ. ಯಂತ್ರ ಈಗ ಬೇಡ. ಹಲಸು ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು, ಬ್ಯಾಂಕಿನ ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ಉಳಿದ ತಿಂಗಳು ಆ ಯಂತ್ರ ಏನು ಮಾಡುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕ ಮೇಲೆ ಸಾಲ. ಅಲ್ಲಿಯವರೆಗೆ ಪರಿಚಯವೇ ಇಲ್ಲದ ಅಂಗಡಿಗಳಿಗೆ ಕೊಟ್ಟು ನೋಡಿ, ಅವರು ಎರಡನೇ ಸಲ ತಾವಾಗಿಯೇ ಕೇಳುತ್ತಾರಾ ಅಂತ. ಪರಿಚಯದವರು ಚೆನ್ನಾಗಿದೆ ಅಂದೇ ಅನ್ನುತ್ತಾರೆ ಅಲ್ವಾ?

ಬೆಂಗಳೂರಿಗೆ ಬಂದಾಗ ಅವೇಕ್ ಸಂಸ್ಥೆಗೂ ಒಮ್ಮೆ ಹೋಗಿ. ಕರ್ನಾಟಕದ ಮಹಿಳಾ ಉದ್ಯಮಿಗಳೇ ಸೇರಿ 1983ರಲ್ಲಿ ಕಟ್ಟಿದ್ದು. ಉದ್ಯಮ ನಡೆಸಿ ಏಳುಬೀಳು ಕಂಡವರ ಹತ್ತಿರ ಕೂತು ಮಾತಾಡಬಹುದು.

ರುಡ್‌ಸೆಟ್ ತರಬೇತಿ ನಿಜಕ್ಕೂ ಫ್ರೀನಾ? ಹೈನುಗಾರಿಕೆ ಕಲಿಯಬೇಕು.

ಹೌದು. ಊಟ, ವಸತಿಯೂ ಸೇರಿ. ರುಡ್‌ಸೆಟ್ ಅಂದರೆ ಸ್ವಂತ ಉದ್ಯೋಗ ಕಲಿಸುವ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ ಶುರು ಮಾಡಿದ್ದು, ಅದೇ ಮಾದರಿಯಲ್ಲಿ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರಗಳಿವೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನಿಗಿರುವುದೂ ಅವರ ಕೆಲಸ. ಹುಡುಗರು ಸರ್ಟಿಫಿಕೇಟ್ ತಗೊಂಡು ಬಂದು ಆ ಎರಡು ವರ್ಷವನ್ನು ಸುಮ್ನೆ ಕಳೆದುಬಿಡುತ್ತಾರೆ. ಬ್ಯಾಂಕ್ ಅರ್ಜಿ ವಾಪಸ್ ಕಳಿಸಿತಾ? ಹಸು ಕೊಳ್ಳುವಾಗ ಗೊಂದಲವಾ? ಫೋನ್ ಮಾಡಿ.

ಫೋನ್‌ಪೇ ಬೋರ್ಡ್ ಇಟ್ಟರೆ ಜಿಎಸ್‌ಟಿ ನೋಟಿಸ್ ಬರುತ್ತಾ? ಹಣ್ಣಿನ ಗಾಡಿ ಇದೆ, ದಾವಣಗೆರೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದದ್ದು ನಿಜ, ಎಷ್ಟೋ ಜನ ಬೋರ್ಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದದ್ದೂ ನಿಜ. ಆದರೆ ತಾಜಾ ಹಣ್ಣು, ತರಕಾರಿಗೆ ತೆರಿಗೆಯೇ ಇಲ್ಲ. ಅದನ್ನು ಮಾತ್ರ ಮಾರುವವರಿಗೆ ನೋಂದಣಿಯೂ ಬೇಕಿಲ್ಲ. ಬೇರೆ ಸರಕಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ. ಸಗಟು ಕೊಂಡ ಚೀಟಿಗಳನ್ನು ಎತ್ತಿಡಿ, ಯಾರಾದರೂ ಕೇಳಿದರೆ ಏನು ಮಾರಿದ್ದು ಅಂತ ತೋರಿಸಬೇಕಲ್ಲ. ಬೋರ್ಡ್ ಇರಲಿ. ಮುಂದೆ ಸಾಲ ಕೇಳುವಾಗ ವ್ಯಾಪಾರಕ್ಕೆ ಅದೇ ಸಾಕ್ಷಿ.

ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಇಂಥವರಿಗೆ ಪುಕ್ಕಟೆಯಾಗಿ ಸಹಾಯ ಮಾಡುವ ಮನಸ್ಸಿದೆ. ಹೇಗೆ?

ದಯವಿಟ್ಟು ಕಾರ್ಯಾಗಾರ ಮಾತ್ರ ಮಾಡಬೇಡಿ ಸ್ವಾಮಿ. ಒಂದು ದಿನ ವ್ಯಾಪಾರ ಬಿಟ್ಟು ಬಂದು ಭಾಷಣ ಕೇಳಿದರೆ ಅವರಿಗೆ ಆ ದಿನದ ದುಡಿಮೆ ಹೋಯಿತು. ನೀವೇ ಸಂತೆಗೆ ಹೋಗಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ. ಅರ್ಜಿ ತುಂಬಿಕೊಡಿ, ಪಾಸ್‌ಬುಕ್ ಓದಿ ಹೇಳಿ, ಬ್ಯಾಂಕಿನಿಂದ ಬಂದ ಮೆಸೇಜ್ ಏನು ಅಂತ ಬಿಡಿಸಿ ಹೇಳಿ. ಅರ್ಜಿ ಎಲ್ಲಿ ನಿಂತಿದೆ ಅಂತ ಮ್ಯಾನೇಜರನ್ನು ಕೇಳಲು ನಿಮಗೆ ಭಾಷೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ. ಒಂದೇ ಸಂತೆಗೆ, ಪ್ರತಿ ವಾರ ಅದೇ ದಿನ, ತಪ್ಪದೆ ಹೋಗಿ. ನಂಬಿಕೆ ಬರಲು ಸಮಯ ಹಿಡಿಯುತ್ತದೆ, ಮೊದಮೊದಲು ನಿಮ್ಮನ್ನೂ ದಲ್ಲಾಳಿ ಅಂತಲೇ ಅಂದುಕೊಳ್ಳುತ್ತಾರೆ. ಕೈಯಿಂದ ಸಾಲ ಕೊಡಬೇಡಿ, ಯಾರ ಸಾಲಕ್ಕೂ ಜಾಮೀನು ಸಹಿ ಹಾಕಬೇಡಿ. ಸ್ವನಿಧಿಗೆ ಜಾಮೀನು ಬೇಕಾಗಿಯೂ ಇಲ್ಲ.