ಟೊಪೊಲಾಜಿಕಲ್ ಕ್ಯೂಬಿಟ್ ಕುರಿತು ಗದಗಿನ ಸರ್ ಕೇಳಿದ್ದಕ್ಕೆ

ಸರ್, ನಮಸ್ಕಾರ. ಟೊಪೊಲಾಜಿಕಲ್ ಕ್ವಾಂಟಮ್ ಕಂಪ್ಯೂಟರ್‌ನಲ್ಲಿ ದೋಷವೇ ಬರುವುದಿಲ್ಲವೇ, ಹುಬ್ಬಳ್ಳಿಯಲ್ಲಿ ಬಿಇ ಓದುತ್ತಿರುವ ಮಗ ಇದನ್ನು ಎಲ್ಲಿಂದ ಶುರು ಮಾಡಬೇಕು ಎಂದು ನೀವು ನಿನ್ನೆ ಕೇಳಿದ್ದಿರಿ. ದೋಷ ಬರುತ್ತದೆ, ಅದು ಒಳಗೆ ನುಸುಳುವ ದಾರಿ ಮಾತ್ರ ಬಹಳ ಕಿರಿದು.

ಕ್ವಾಂಟಮ್ ಕಂಪ್ಯೂಟರ್‌ನ ಮಾಹಿತಿಯ ಮೂಲ ಘಟಕವೇ ಕ್ಯೂಬಿಟ್. ಸಾಮಾನ್ಯ ಕ್ಯೂಬಿಟ್‌ನಲ್ಲಿ ಮಾಹಿತಿ ಒಂದೇ ಜಾಗದಲ್ಲಿರುವುದರಿಂದ ಅಲ್ಪ ಶಾಖವೂ ಅದನ್ನು ಕೆಡಿಸಬಲ್ಲದು. ಎರಡು ಆಯಾಮದ ಪದರದಲ್ಲಷ್ಟೇ ಇರಬಲ್ಲ, ಕಣದಂತೆ ವರ್ತಿಸುವ ಎನಿಯಾನ್‌ಗಳನ್ನು ದೂರದೂರ ಇಟ್ಟು, ಮಾಹಿತಿಯನ್ನು ಅವುಗಳ ಒಟ್ಟು ಸ್ಥಿತಿಯಲ್ಲಿ ಹುದುಗಿಸಿದರೆ ಒಂದೆಡೆಯ ಅಡಚಣೆ ಅದನ್ನು ಮುಟ್ಟಲಾರದು ಎಂಬುದು 1997ರಲ್ಲಿ ಭೌತವಿಜ್ಞಾನಿ ಅಲೆಕ್ಸಿ ಕಿಟಾಯೆವ್ ಮುಂದಿಟ್ಟ ಯೋಚನೆ. ಎನಿಯಾನ್‌ಗಳನ್ನು ಒಂದರ ಸುತ್ತ ಒಂದು ಸುತ್ತಿಸುವುದೇ ಇಲ್ಲಿ ಗಣನೆ.

ಇದನ್ನು ಮಗನಿಗೆ ದಾರದಲ್ಲೇ ತೋರಿಸಬಹುದು. ಕೆಂಪು, ಹಳದಿ, ಹಸಿರು ದಾರಗಳನ್ನು ಪಕ್ಕಪಕ್ಕ ಮೊಳೆಗಳಿಗೆ ಕಟ್ಟಿ, ಎಡದ್ದನ್ನು ನಡುವಿನದರ ಮೇಲೆ ದಾಟಿಸಿ, ಬಳಿಕ ಈಗ ನಡುವೆ ಇರುವುದನ್ನು ಬಲದ್ದರ ಮೇಲೆ ದಾಟಿಸಿ: ಹಳದಿ, ಹಸಿರು, ಕೆಂಪು ಬರುತ್ತದೆ. ಮೊದಲಿನ ಜೋಡಣೆಯಿಂದಲೇ ಆರಂಭಿಸಿ ಈ ಎರಡು ದಾಟುಗಳ ಕ್ರಮ ತಿರುಗಿಸಿದರೆ ಹಸಿರು, ಕೆಂಪು, ಹಳದಿ. ಮತ್ತೆ ಮೊದಲಿನಿಂದ ಎಡದ್ದನ್ನು ನಡುವಿನದರ ಮೇಲೆ ಎರಡು ಸಲ ದಾಟಿಸಿದರೆ ಬಣ್ಣಗಳು ತಮ್ಮ ಜಾಗಕ್ಕೇ ಮರಳುತ್ತವೆ, ಆದರೆ ದಾರ ಹೊಸೆದುಕೊಂಡಿರುತ್ತದೆ. ದಾರ ಎಷ್ಟೇ ಅಲುಗಾಡಿದರೂ ತುದಿ ಬಿಚ್ಚದೆ ಆ ಹೊಸೆತ ಹೋಗದು. ಎನಿಯಾನ್‌ಗಳು ಸಾಗುವ ದಾರಿಯೇ ಈ ದಾರ ಎಂದುಕೊಳ್ಳಿ.

ಮಯೊರಾನಾ ಎಂಬ ಮಾದರಿಯ ಎನಿಯಾನ್‌ಗಳನ್ನು ಹೀಗೆ ಹೆಣೆಯುವುದರಿಂದ ಗಣನೆಗೆ ಬೇಕಾದ ಎಲ್ಲ ಗೇಟ್‌ಗಳೂ, ಅಂದರೆ ಮೂಲ ಕ್ರಿಯೆಗಳೂ, ಸಿಗುವುದಿಲ್ಲ. ಉಳಿದ ಒಂದನ್ನು ಈ ರಕ್ಷಣೆಯ ಹೊರಗೇ ತಯಾರಿಸಬೇಕು. ಫಿಬೊನಾಚಿ ಎಂಬ ಇನ್ನೊಂದು ಮಾದರಿಯ ಎನಿಯಾನ್‌ಗಳಿಗೆ ಹೆಣಿಗೆಯೊಂದೇ ಸಾಕು, ಆದರೆ ಅವು ಯಾವುದೇ ವಸ್ತುವಿನಲ್ಲಿ ಇನ್ನೂ ಖಚಿತವಾಗಿ ಕಂಡಿಲ್ಲ. ಪತ್ರಿಕೆಗಳ ತಲೆಬರಹ ನಂಬಿ ಮಗನ ವಿಷಯ ಆರಿಸಬೇಡಿ: ಮಯೊರಾನಾ ಕುರಿತ 2018ರ ಪ್ರಸಿದ್ಧ ಪ್ರಬಂಧವನ್ನು 2021ರಲ್ಲಿ ಹಿಂಪಡೆಯಲಾಯಿತು, 2025ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಮಯೊರಾನಾ 1 ಚಿಪ್ ಪ್ರಕಟಿಸಿದಾಗಲೂ, ಜೊತೆಗೆ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಪ್ರಬಂಧದ ಫಲಿತಾಂಶಗಳು ಮಯೊರಾನಾ ಇರುವುದಕ್ಕೆ ಪುರಾವೆಯಲ್ಲ ಎಂದು ಪತ್ರಿಕೆಯ ಸಂಪಾದಕರೇ ದಾಖಲಿಸಿದ್ದಾರೆ.

ಮನೆಯಲ್ಲಿ ಯಂತ್ರ ಕಟ್ಟುವ ಮಾತು ಬೇಡ. ಇಂಥ ಚಿಪ್‌ಗೆ ಶೂನ್ಯ ಕೆಲ್ವಿನ್‌ನ ಸಮೀಪದ ಚಳಿ ಬೇಕು. ಮೊದಲು ಸಂಕೀರ್ಣ ಸಂಖ್ಯೆಗಳ ಮ್ಯಾಟ್ರಿಕ್ಸ್ ಗಟ್ಟಿಯಾಗಲಿ, ನಂತರ ದೋಷ ಹಿಡಿಯಲು ಕಿಟಾಯೆವ್ ರೂಪಿಸಿದ ಟೋರಿಕ್ ಕೋಡ್ ಅನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಲಿ. ಎದುರುಬದುರು ಅಂಚುಗಳು ಕೂಡಿವೆ ಎಂದುಕೊಂಡು, ಪ್ರತಿ ಗೆರೆತುಂಡಿನ ಮೇಲೆ ಒಂದು ಕ್ಯೂಬಿಟ್, ಗೆರೆಗಳು ಕೂಡುವ ಪ್ರತಿ ಬಿಂದುವಿನಲ್ಲಿ ಸುತ್ತಲಿನ ಕ್ಯೂಬಿಟ್‌ಗಳ ಒಂದು ತಪಾಸಣೆ ಇಡಬೇಕು. ಒಂದು ಕ್ಯೂಬಿಟ್ ಕೆಟ್ಟರೆ ಅದರ ಗೆರೆತುಂಡಿನ ಎರಡು ತುದಿಗಳ ತಪಾಸಣೆ ತಪ್ಪು ತೋರಿಸುತ್ತದೆ. ಸಾಲಾಗಿ ಹಲವು ಕೆಟ್ಟರೆ ಸಾಲಿನ ತುದಿಗಳಷ್ಟೇ ತೋರುತ್ತವೆ. ಸಾಲು ಹಾಳೆಯನ್ನು ಪೂರ್ತಿ ಸುತ್ತಿ ತನ್ನನ್ನೇ ಸೇರಿದರೆ ಯಾವ ತಪಾಸಣೆಗೂ ಸಿಗದೆ ಮಾಹಿತಿಯೇ ಬದಲಾಗುತ್ತದೆ. ಹಾಳೆ ದೊಡ್ಡದಾದಷ್ಟೂ ಅಂಥ ಸಾಲು ಅಪರೂಪ.