ಮೋಟಾರ್ ಬಿಚ್ಚಿದ ಮೇಲೆ ಏನಾಯಿತು, ಅದನ್ನು ಬರೆಯಿರಿ

ನಮಸ್ಕಾರ. ಸಕಲೇಶಪುರದಿಂದ ನೀವು ಕಳಿಸಿದ ಲೇಖನ ಓದಿದೆ. ಎಸ್ಟೇಟ್ ಬಂಗಲೆಯ ಅಟ್ಟದಲ್ಲಿ ಸಿಕ್ಕ ಹಳೇ ಹಾರ್ನ್‌ಬಿ ಡಬ್ಲೊ ಆಟಿಕೆ ಇಂಜಿನ್ನನ್ನು ಮನೆಯಲ್ಲೇ ರಿಪೇರಿ ಮಾಡಿ ಓಡಿಸಿದ್ದೀರಿ. ಲೇಖನ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಬೇಡಿ. ತಾವೇ ಕೈಯಾರೆ ಮಾಡಿದ ಕೆಲಸದ ಬಗ್ಗೆ ಬರೆಯುವವರು ನಮಗೆ ಬೇಕು.

ಮೊದಲ ಎರಡು ಪುಟ ತೆಗೆದುಹಾಕಿ. ಲಿವರ್‌ಪೂಲಿನ ಮೆಕ್ಯಾನೊ ಕಂಪನಿ 1938ರಲ್ಲಿ ಡಬ್ಲೊ ರೈಲುಗಳನ್ನು ಮಾರಾಟಕ್ಕೆ ತಂದಿತು ಎಂಬ ಒಂದು ಸಾಲು ಸಾಕು. ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳ ವರ್ಣನೆ ಚೆನ್ನಾಗಿದೆ, ಆದರೆ ಅದನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

ಮೂರನೇ ಪುಟದಲ್ಲಿ ನೀವು ಸ್ಕ್ರೂ ಬಿಚ್ಚುತ್ತೀರಿ. ನಿಜವಾದ ಲೇಖನ ಶುರುವಾಗುವುದೇ ಅಲ್ಲಿ. ಮುಂದಿನ ಸಾಲು, ‘ನಂತರ ಮೋಟಾರನ್ನು ಸರಿಪಡಿಸಿದೆ.’ ಅಷ್ಟೇ! ಓದುಗರು ಕಾಯುತ್ತಿದ್ದದ್ದೇ ಅದಕ್ಕೆ ಅಲ್ವಾ? ಏನು ಕೆಟ್ಟಿತ್ತು? ಹಳೇ ಎಣ್ಣೆ ಅಂಟುಗಟ್ಟಿತ್ತೇ? ತಿರುಗುವ ಭಾಗಕ್ಕೆ ಒರಗಿ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಸವೆದಿತ್ತೇ? ಬ್ರಷ್ ತಾಗುವ ಭಾಗವಾದ ಕಮ್ಯುಟೇಟರಿನ ಮೂರು ತಾಮ್ರದ ತುಂಡುಗಳ ಸಂದಿಯಲ್ಲಿ ಕಾರ್ಬನ್ ಪುಡಿ ತುಂಬಿತ್ತೇ? ಆ ಸಂದಿಯನ್ನು ಹಲ್ಲುಕಡ್ಡಿಯಿಂದ ಕೆರೆದದ್ದು, ತಾಮ್ರವನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕಪ್ಪಾದದ್ದು, ಒಂದೂ ಬಿಡದೆ ಬರೆಯಿರಿ. ಮಲ್ಟಿಮೀಟರ್ ಹಿಡಿದು ಎರಡೆರಡು ತುಂಡುಗಳ ನಡುವೆ ಓಮ್, ಅಂದರೆ ಕರೆಂಟಿಗೆ ಇರುವ ತಡೆ, ನೋಡಿದಿರಾ? ಮೂರು ಜೋಡಿಗೂ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಕಾಯಿಲ್ ಸರಿಯಿರುವ ಲಕ್ಷಣ. ಒಂದು ಜೋಡಿಯದು ಬೇರೆಯಾದರೆ ವೈಂಡಿಂಗ್, ಅಂದರೆ ಕಾಯಿಲ್‌ನ ತಂತಿ ಸುತ್ತಿನ, ಮೇಲೆ ಅನುಮಾನ ಪಡಬೇಕು. ಮಲೆನಾಡಿನ ಮಳೆಗಾಲದ ತೇವ ಹಳೇ ತಂತಿಯ ಇನ್ಸುಲೇಷನ್ನಿಗೆ ಒಳ್ಳೆಯದಲ್ಲ. ನಿಮ್ಮ ಊರು ಲೇಖನದೊಳಗೆ ಬರಬೇಕಾದ್ದು ಈ ಜಾಗದಲ್ಲಿ.

ಎರಡು ತಪ್ಪು ತಿದ್ದಲೇಬೇಕು. ‘ಆಟಿಕೆ ರೈಲಿನ ಮೋಟಾರೆಲ್ಲ ಒಂದೇ’ ಎಂದಿದ್ದೀರಿ. ಅಲ್ಲ. ಡಬ್ಲೊ 12 ವೋಲ್ಟ್ ಡಿಸಿಯದು, ಒಳಗೆ ಮ್ಯಾಗ್ನೆಟ್ ಇರುತ್ತದೆ. ಅಮೆರಿಕದ ಹಳೇ ಲಯನೆಲ್ ಇಂಜಿನ್‌ಗಳು ಎಸಿಯಲ್ಲಿ ಓಡುತ್ತವೆ, ಅವುಗಳಲ್ಲಿ ಮ್ಯಾಗ್ನೆಟ್ ಬದಲು ಫೀಲ್ಡ್ ಕಾಯಿಲ್, ಅಂದರೆ ಕರೆಂಟ್ ಹರಿದಾಗ ಮ್ಯಾಗ್ನೆಟ್ಟಿನಂತೆ ಕೆಲಸ ಮಾಡುವ ತಂತಿ ಸುರುಳಿ. ಅಡುಗೆಮನೆಯ ಮಿಕ್ಸಿ ಮೋಟಾರೂ ಅದೇ ಜಾತಿಯದು. ಇಷ್ಟು ಹೇಳಿದರೆ ಹಾಸನದ ಯಾವ ವೈಂಡಿಂಗ್ ಅಂಗಡಿಯವರಿಗೂ ತಟ್ಟನೆ ಅರ್ಥವಾಗುತ್ತದೆ.

ಎರಡನೆಯದು ಎಮರಿ ಪೇಪರ್. ಅದರಿಂದ ಕಮ್ಯುಟೇಟರ್ ತಿಕ್ಕಿ ಎಂದು ಓದುಗರಿಗೆ ಹೇಳಬೇಡಿ. ಅದರ ಪುಡಿ ಸಂದಿಯಲ್ಲಿ ಕೂತರೆ ಶಾರ್ಟ್ ಆಗಬಹುದು. ತಾಮ್ರದಲ್ಲಿ ಗೀರು ಬಿದ್ದರೆ ಬ್ರಷ್ ಬೇಗ ಸವೆಯುತ್ತದೆ.

ಇನ್ನು ಕೊನೆಯ ಪ್ಯಾರಾ. ಎರಡು ಬೋಗಿ ಕಟ್ಟಿದರೆ ಇಂಜಿನ್ ಎಳೆಯುವುದಿಲ್ಲ, ಮೋಟಾರ್ ಬಿಸಿಯಾಗುತ್ತದೆ ಎಂದು ಸುಮ್ನೆ ಹೇಳಿ ಮುಗಿಸಿದ್ದೀರಿ. ಆರ್ಮೇಚರನ್ನು, ಅಂದರೆ ಕಾಯಿಲ್ ಸುತ್ತಿದ ತಿರುಗುವ ಭಾಗವನ್ನು, ಹೊರಗೆ ತೆಗೆದು ಇಟ್ಟಿದ್ದಿರಾ? ಈ ಹಳೇ ಮೋಟಾರುಗಳಲ್ಲಿ ಹಾಗೆ ತೆಗೆದರೆ ಮ್ಯಾಗ್ನೆಟ್ಟಿನ ಬಲ ಕುಗ್ಗುತ್ತದೆ. ತೆಗೆಯುವಾಗ ಮ್ಯಾಗ್ನೆಟ್ಟಿನ ಎರಡೂ ತುದಿಗೆ ತಾಗುವಂತೆ ಒಂದು ಕಬ್ಬಿಣದ ತುಂಡು ಕೊಡಬೇಕು. ಬಲ ಕುಗ್ಗಿದ ಮ್ಯಾಗ್ನೆಟ್ ಇದ್ದರೆ ಮೋಟಾರ್ ಕರೆಂಟ್ ಜಾಸ್ತಿ ಎಳೆಯುತ್ತದೆ, ಬಿಸಿಯಾಗುತ್ತದೆ, ಭಾರ ಮಾತ್ರ ಎಳೆಯದು. ನಿಮ್ಮ ಇಂಜಿನ್ನಿಗೆ ಆಗಿರುವುದು ಇದೇ ಇರಬಹುದು, ಪರೀಕ್ಷೆ ಮಾಡಿ. ಏನು ಗೊತ್ತಾಯಿತೋ ಅದನ್ನು ಲೇಖನದ ನಡುವಿಗೆ ತನ್ನಿ.

‘ಯಂತ್ರದ ಹೃದಯ ಮಿಡಿಯಿತು’ ಎಂಬ ಸಾಲು ಬೇಡ. ಚಕ್ರ ಮೊದಲ ಸಲ ತಿರುಗಿದಾಗ ಕೇಳಿಸಿದ ಶಬ್ದ ಹೇಗಿತ್ತು, ಅದನ್ನು ಹೇಳಿ. ಬಿಚ್ಚಿದ ಮೋಟಾರಿನ ಫೋಟೋ ಹತ್ತಿರದಿಂದ ತೆಗೆದು ಜೊತೆಗೆ ಕಳಿಸಿ. ತಿದ್ದಿದ ಪ್ರತಿಯನ್ನು ನಾನೇ ಓದುತ್ತೇನೆ.

— ಸಂಪಾದಕ, ಹಾಸನ